ನಿಂತ ಎಂಜಿನ್ನಿಗೆ ಮೊದಲ ಎಣ್ಣೆ

ನವರಾತ್ರಿ ಸಮೀಪಿಸುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಳೆಯ ಕಾರುಗಳ ವಿಚಾರ ಹೆಚ್ಚಾಗುತ್ತದೆ. ಮಳೆ ಹಿಂದೆಗೆದ ಮೇಲೆ ಶೆಡ್ಡಿನ ಬಾಗಿಲು ತೆರೆದು, ತಾಡಪಾಲು ಸರಿಸಿ ನೋಡಿದವರಿಗೆ ಮೊದಲು ಏಳುವ ಪ್ರಶ್ನೆ ಎಣ್ಣೆಯದು. ಆದ್ದರಿಂದ ಈ ಸಲ ಎಂಜಿನ್ ಎಣ್ಣೆ ಮತ್ತು ಗ್ರೀಸಿಗೆ ಸಂಬಂಧಿಸಿದ ಪತ್ರಗಳನ್ನಷ್ಟೇ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಜ್ಜ ಕೊಂಡಿದ್ದ ಅಂಬಾಸಿಡರ್ ಮಾರ್ಕ್-2 ಕಾರು ಒಂಬತ್ತು ವರ್ಷಗಳಿಂದ ಅಡಿಕೆ ಚಪ್ಪರದ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತು. ಆಯುಧಪೂಜೆಯ ದಿನ ಅದನ್ನು ಸ್ಟಾರ್ಟ್ ಮಾಡಿ ಅಂಗಳಕ್ಕೆ ತರಬೇಕೆಂದು ಮನೆಯವರೆಲ್ಲರ ಆಸೆ. ಹೊಸ ಬ್ಯಾಟರಿ ತಂದಿದ್ದೇವೆ. ಎಣ್ಣೆ ಬದಲಿಸಿ ಸೆಲ್ಫ್ ಹೊಡೆದರೆ ಸಾಕೇ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಸಾಲದು. ಆ ಹೊಸ ಬ್ಯಾಟರಿಯನ್ನು ದಯವಿಟ್ಟು ಇನ್ನೂ ಜೋಡಿಸಬೇಡಿ. ಎಣ್ಣೆ ಬದಲಿಸುವುದು ಬೇರೆ, ಎಣ್ಣೆ ತಲುಪಿಸುವುದು ಬೇರೆ. ತಾವು ಮೇಲಿನಿಂದ ಸುರಿದ ಹೊಸ ಎಣ್ಣೆ ನೇರವಾಗಿ ಕೆಳಗಿಳಿದು ಸಂಪಿನಲ್ಲಿ, ಅಂದರೆ ಗ್ಯಾರೇಜಿನವರು ಚೇಂಬರ್ ಎಂದು ಕರೆಯುವ ಭಾಗದಲ್ಲಿ ಕೂರುತ್ತದೆ. ಅಲ್ಲಿಂದ ಪಂಪು ಅದನ್ನು ಎತ್ತಿ, ಫಿಲ್ಟರ್ ದಾಟಿಸಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಬೇರಿಂಗುಗಳಿಗೂ, ವಾಲ್ವುಗಳನ್ನು ತೆರೆಸುವ ಕ್ಯಾಮಿನ ಬೇರಿಂಗುಗಳಿಗೂ, ಹೆಡ್ಡಿನ ಮೇಲೆ ವಾಲ್ವುಗಳನ್ನು ಒತ್ತುವ ರಾಕರುಗಳಿಗೂ ಒತ್ತಡದಲ್ಲಿ ತಳ್ಳಬೇಕು. ಓಡುತ್ತಿರುವ ಎಂಜಿನ್ನಿನಲ್ಲಿ ಕ್ರ್ಯಾಂಕು ಬೇರಿಂಗಿಗೆ ತಾಗುವುದೇ ಇಲ್ಲ. ಇಂಚಿನ ಸಾವಿರದ ಒಂದೆರಡು ಪಾಲಿನಷ್ಟು ಸಂದಿನಲ್ಲಿ ತುಂಬಿಕೊಂಡ ಎಣ್ಣೆಯ ಪದರದ ಮೇಲೆ ಅದು ತೇಲುತ್ತಿರುತ್ತದೆ. ಒಂಬತ್ತು ವರ್ಷ ನಿಂತ ಎಂಜಿನ್ನಿನಲ್ಲಿ ಆ ಪದರ ಇಳಿದುಹೋಗಿದೆ. ಪಂಪೂ ಒಣಗಿದೆ, ಮತ್ತು ಒಣಗಿದ ಪಂಪಿಗೆ ಎಣ್ಣೆಯನ್ನು ಎಳೆಯುವ ಶಕ್ತಿ ಇರುವುದಿಲ್ಲ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಎಂಜಿನ್ನು ಎದ್ದರೂ ಮೊದಲ ಅರ್ಧ ನಿಮಿಷ ಲೋಹದ ಮೇಲೆ ಲೋಹ ಉಜ್ಜಿ, ಹತ್ತಾರು ಸಾವಿರ ಕಿಲೋಮೀಟರ್ ಓಡಿದಾಗ ಆಗಬಹುದಾದ ಸವೆತ ಆಗಲೇ ಆಗಿಬಿಡುವ ಅಪಾಯವಿದೆ.

ನಾಲ್ಕು ಬೋರುಗಳ, ಅಂದರೆ ಪಿಸ್ಟನ್ನುಗಳು ಓಡಾಡುವ ಸಿಲಿಂಡರುಗಳ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಎಂಜಿನ್ನು ಯಾವ ಭಂಗಿಯಲ್ಲಿ ನಿಂತಿದ್ದರೂ ಯಾವುದಾದರೂ ಒಂದು ಬೋರಿನ ವಾಲ್ವು ತೆರೆದುಕೊಂಡೇ ಇರುತ್ತದೆ. ಸೈಲೆನ್ಸರಿನ ಬಾಯಿಯಿಂದ ಒಳಬರುವ ತೇವದ ಗಾಳಿ ನೇರವಾಗಿ ಆ ಬೋರನ್ನು ಸೇರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆ ತಮ್ಮ ತಾಲ್ಲೂಕಿನಲ್ಲೇ ಇದೆ. ಗೋಡೆಯ ಸುಣ್ಣವೇ ಬೂಸಲು ಹಿಡಿಯುವ ಆ ಗಾಳಿಯಲ್ಲಿ ಒಂಬತ್ತು ಮಳೆಗಾಲ ಕಳೆದ ಬೋರಿನಲ್ಲಿ ಪಿಸ್ಟನ್ನಿನ ಸುತ್ತಲಿನ ರಿಂಗುಗಳು ತುಕ್ಕು ಹಿಡಿದು ಅಂಟಿರುವ ಸಾಧ್ಯತೆ ಇದ್ದೇ ಇದೆ. ಅದಕ್ಕಾಗಿ ಮೊದಲು ನಾಲ್ಕೂ ಪ್ಲಗ್ಗುಗಳ ಸುತ್ತಲಿನ ಧೂಳು ಊದಿ, ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ರಂಧ್ರಕ್ಕೂ ಎರಡೆರಡು ಚಮಚದಷ್ಟು ತೆಳ್ಳನೆಯ ಎಣ್ಣೆ ಬಿಡಿ. ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆಗೆ ಸಮಪಾಲು ಡೀಸೆಲ್ ಬೆರೆಸಿದರೆ ಅದು ರಿಂಗಿನ ಸಂದಿಗೆ ಚೆನ್ನಾಗಿ ಇಳಿಯುತ್ತದೆ. ಹತ್ತಿರ ಬೀಡಿ, ದೀಪ ಯಾವುದೂ ಇರಬಾರದು. ನಾಲ್ಕೈದು ದಿನ ಹಾಗೆಯೇ ಬಿಟ್ಟು, ಪ್ರತಿ ಸಂಜೆ ಒಂದೊಂದು ಚಮಚ ಸೇರಿಸುತ್ತಿರಿ.

ಆಮೇಲೆ ಮುಂಭಾಗದ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬೇಕು. ಪ್ಲಗ್ಗುಗಳು ಹೊರಗಿರುವುದರಿಂದ ಹ್ಯಾಂಡಲ್ ತಿರುಗಿ ಹೊಡೆಯುವುದಿಲ್ಲ. ಆದರೂ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯುವ ರೂಢಿಯನ್ನು ಬಿಡಬೇಡಿ. ಹ್ಯಾಂಡಲ್ ಕಳೆದುಹೋಗಿದ್ದರೆ ಟಾಪ್ ಗೇರಿಗೆ ಹಾಕಿ ಇಬ್ಬರು ಕಾರನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿದರೂ ಆಗುತ್ತದೆ. ಬಿಗಿಯಾಗಿ ನಿಂತರೆ ಬಲಪ್ರಯೋಗ ಬೇಡ, ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಟ್ರ್ಯಾಕ್ಟರಿಗೋ ಜೀಪಿಗೋ ಹಗ್ಗ ಕಟ್ಟಿ ಎಳೆಸುವುದಂತೂ ಕೂಡದು. ನನ್ನ ಸ್ವಂತ ಫಿಯೆಟ್ ಕಾರನ್ನು ಬಹಳ ವರ್ಷಗಳ ಹಿಂದೆ ಹಾಗೆ ಎಳೆಸಿದ್ದೆ. ಕಾರು ಸ್ಟಾರ್ಟ್ ಆಯಿತು. ಮೂರನೆಯ ಬೋರಿನ ರಿಂಗು ಮುರಿದು ಗೋಡೆಯ ಉದ್ದಕ್ಕೂ ಉಗುರಿನಿಂದ ಗೀರಿದಂಥ ಗೆರೆ ಬಿದ್ದದ್ದು ಹೆಡ್ ಬಿಚ್ಚಿದ ಮೇಲೆ ಕಂಡಿತು. ಆ ಬ್ಲಾಕನ್ನು ಬೋರಿಂಗ್ ಮಾಡಿಸದೆ ಬೇರೆ ದಾರಿ ಉಳಿಯಲಿಲ್ಲ. ಎರಡು ದಿನ ಕಾದಿದ್ದರೆ ಉಳಿಯುತ್ತಿದ್ದ ಬೋರು ಅದು ಎಂಬ ನೋವು ಇಂದಿಗೂ ಇದೆ.

ಎಂಜಿನ್ನು ಕೈಯಲ್ಲಿ ಸಲೀಸಾಗಿ ತಿರುಗಿದ ಮೇಲೆ ಸಂಪನ್ನು ಬಿಚ್ಚಿಸಿ. ಬರೀ ಡ್ರೈನ್ ನಟ್ಟು ತೆಗೆದು ಹಳೆಯ ಎಣ್ಣೆ ಇಳಿಸಿದರೆ ಸಾಕೆಂದು ಕೆಲವರು ಹೇಳಬಹುದು, ಒಪ್ಪಬೇಡಿ. ಕಳೆದ ಬೇಸಿಗೆಯಲ್ಲಿ ಇದೇ ಮಾದರಿಯ ಎಂಜಿನ್ನಿನ ಸಂಪು ಬಿಚ್ಚಿದಾಗ ಡ್ರೈನ್ ನಟ್ಟಿನಿಂದ ತೆಳ್ಳಗಿನ ಎಣ್ಣೆಯೇ ಇಳಿದಿತ್ತು. ತಟ್ಟೆ ಕೆಳಗಿಳಿಸಿ ನೋಡಿದರೆ ತಳದಲ್ಲಿ ಒಂದು ಬೆರಳು ದಪ್ಪದ ಕರಿಯ ಜಿಗುಟು ಕೂತಿತ್ತು. ಡಬ್ಬದ ತಳದಲ್ಲಿ ಹರಳುಗಟ್ಟಿದ ಜೋನಿಬೆಲ್ಲದಂತೆ ಅದನ್ನು ಸೌಟಿನಿಂದ ಕೆರೆದು ತೆಗೆಯಬೇಕಾಯಿತು. ಪಂಪು ಎಣ್ಣೆ ಹೀರುವ ಜಾಲರಿಯ ಮುಕ್ಕಾಲು ಕಣ್ಣುಗಳು ಮುಚ್ಚಿಹೋಗಿದ್ದವು. ಅದರ ಮೇಲೆ ಇಂದಿನ ಎಣ್ಣೆ ಸುರಿದಿದ್ದರೆ, ಇಂದಿನ ಎಣ್ಣೆಗಳಲ್ಲಿರುವ ಕೊಳೆ ತೊಳೆಯುವ ಅಂಶ ಆ ಜಿಗುಟನ್ನು ಚೂರುಚೂರಾಗಿ ಎಬ್ಬಿಸಿ ಜಾಲರಿಯ ಉಳಿದ ಕಾಲುಭಾಗವನ್ನೂ ಮುಚ್ಚಿಬಿಡುತ್ತಿತ್ತು. ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತೊಳೆದು ಪೂರ್ತಿ ಒಣಗಿಸಿ, ಪಂಪು ಬಿಚ್ಚಿದ್ದೇ ಆದರೆ ಅದರೊಳಗೆ ವ್ಯಾಸಲೀನ್ ತುಂಬಿ ಜೋಡಿಸಿ. ಮೊದಲ ಸುತ್ತಿನಲ್ಲೇ ಎಣ್ಣೆ ಎಳೆಯಲು ಅದು ನೆರವಾಗುತ್ತದೆ, ಬಿಸಿಯಾದಾಗ ಕರಗಿ ಎಣ್ಣೆಯಲ್ಲಿ ಬೆರೆತುಹೋಗುತ್ತದೆ. ಸೀಮೆಎಣ್ಣೆ ತುಂಬಿ ಎಂಜಿನ್ ಓಡಿಸಿ ತೊಳೆಯುವ ಪದ್ಧತಿ ಕೆಲವೆಡೆ ಇದೆ. ಬೇರಿಂಗುಗಳ ಮೇಲೆ ದಯೆ ಇರುವವರು ಅದನ್ನು ಮಾಡಬಾರದು.

ಈಗ ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ತುಂಬಿ. ರಾಕರ್ ಕವರ್ ತೆಗೆದು, ಒಂದು ಲೋಟ ಎಣ್ಣೆಯನ್ನು ರಾಕರುಗಳ ಮೇಲೆ ನಿಧಾನವಾಗಿ ಸುರಿಯಿರಿ; ಅದು ಪುಶ್ ರಾಡುಗಳ ಗುಂಟ ಇಳಿದು ಟ್ಯಾಪೆಟ್ಟುಗಳನ್ನೂ ಕ್ಯಾಮನ್ನೂ ನೆನೆಸುತ್ತದೆ. ಬ್ಯಾಟರಿಗೆ ಕೆಲಸ ಬರುವುದು ಇಲ್ಲಿ. ಪ್ಲಗ್ಗುಗಳು ಹೊರಗೇ ಇರಲಿ, ರಂಧ್ರಗಳ ಮೇಲೆ ಹಳೆಯ ಬಟ್ಟೆ ಮುಚ್ಚಿ. ಬೋರಿನಲ್ಲಿ ಉಳಿದ ಎಣ್ಣೆ ಚಿಮ್ಮಿ ಬರುತ್ತದೆ. ಪ್ಲಗ್ ಹಾಕಿಯೇ ತಿರುಗಿಸಿದರೆ ಆ ಎಣ್ಣೆ ಹೊರಹೋಗಲು ದಾರಿಯಿಲ್ಲದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಲ್ಲದು. ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆದು, ನಡುನಡುವೆ ಒಂದು ನಿಮಿಷ ಬಿಟ್ಟು, ಆಯಿಲ್ ಗೇಜಿನ ಮುಳ್ಳು ಮೇಲೇಳುವವರೆಗೂ ಅಥವಾ ಆಯಿಲ್ ದೀಪ ಆರುವವರೆಗೂ ಮುಂದುವರಿಸಿ. ರಾಕರುಗಳ ಸಂದಿಯಿಂದ ಎಣ್ಣೆ ಒಸರಿದ್ದನ್ನು ಕಣ್ಣಾರೆ ನೋಡಿದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಬಹುದು. ಮೊದಲ ಐದು ನಿಮಿಷ ಹೊಗೆ ಬರುತ್ತದೆ, ಅದು ಬೋರಿಗೆ ಬಿಟ್ಟ ಎಣ್ಣೆ ಉರಿಯುವ ಹೊಗೆ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಆ ಎಣ್ಣೆಯನ್ನೂ ಫಿಲ್ಟರನ್ನೂ ಮತ್ತೊಮ್ಮೆ ಬದಲಿಸಿ. ಕಾರು ಅಂಗಳ ದಾಟುವ ಮೊದಲು ಬ್ರೇಕು ಪರೀಕ್ಷಿಸಬೇಕೆಂಬುದನ್ನೂ ನೆನಪಿಸುತ್ತೇನೆ.

ಇಷ್ಟಕ್ಕೆ ಹತ್ತು ಹನ್ನೆರಡು ದಿನ ಬೇಕು. ಅಷ್ಟು ದಿನ ಕೈಯಲ್ಲಿಲ್ಲದಿದ್ದರೆ ಕಾರನ್ನು ಶೆಡ್ಡಿನಲ್ಲೇ ತೊಳೆದು, ಕುಂಬಳಕಾಯಿ ಒಡೆದು ಆಯುಧಪೂಜೆ ಮಾಡಿ. ದೀಪಾವಳಿಗೆ ಸ್ಟಾರ್ಟ್ ಮಾಡಿ.

ಪ್ರಶ್ನೆ: ನನ್ನ ಬಳಿ 1970ರ ದಶಕದ ಪ್ರೀಮಿಯರ್ ಪದ್ಮಿನಿ ಇದೆ. ಅಂಗಡಿಯವರು ದುಬಾರಿಯಾದ 5ಡಬ್ಲ್ಯು-30 ಸಿಂಥೆಟಿಕ್ ಎಣ್ಣೆಯೇ ಉತ್ತಮ ಎನ್ನುತ್ತಾರೆ, ಹಳೆಯ ಮೆಕ್ಯಾನಿಕರು 20ಡಬ್ಲ್ಯು-50 ಎನ್ನುತ್ತಾರೆ. ಯಾರ ಮಾತು ಸರಿ?
— ಸಾಗರದ ಓದುಗರು

ಉತ್ತರ: ಮೆಕ್ಯಾನಿಕರದು. ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನೂ ಸೂಚಿಸುತ್ತವೆ. ಹಿಮ ಬೀಳುವ ದೇಶದಲ್ಲಿ 5ಡಬ್ಲ್ಯು ಅಗತ್ಯ. ಸಾಗರದ ಪುಷ್ಯಮಾಸದ ಚಳಿಗೆ 20ಡಬ್ಲ್ಯು ಧಾರಾಳವಾಗಿ ಸಾಕು. ಸವೆದು ಸಂದು ಹೆಚ್ಚಿದ ಹಳೆಯ ಬೇರಿಂಗುಗಳಲ್ಲಿ ಒತ್ತಡ ನಿಲ್ಲಬೇಕಾದರೆ ಮಂದವಾದ ಎಣ್ಣೆಯೇ ಬೇಕು.

ಎರಡನೆಯ ಕಾರಣ ಹೆಚ್ಚು ಮುಖ್ಯವಾದದ್ದು. ತಮ್ಮ 1,089 ಸಿಸಿ ಎಂಜಿನ್ನಿನಲ್ಲಿ ಕ್ಯಾಮಿನ ಉಬ್ಬು ಟ್ಯಾಪೆಟ್ಟಿನ ಚಪ್ಪಟೆ ಮುಖದ ಮೇಲೆ ಜಾರುತ್ತ ಅದನ್ನು ಎತ್ತುತ್ತದೆ. ಇಡೀ ಎಂಜಿನ್ನಿನಲ್ಲಿ ಅತ್ಯಧಿಕ ಒತ್ತಡ ಬೀಳುವ ಜಾಗಗಳಲ್ಲಿ ಇದೂ ಒಂದು. ಅಲ್ಲಿ ಎಣ್ಣೆಯ ಪದರವೊಂದೇ ತಡೆಯಲಾರದು. ಎಣ್ಣೆಗೆ ಬೆರೆಸಿರುವ ಸತು ಮತ್ತು ರಂಜಕದ ಸಂಯುಕ್ತವೊಂದು ಬಿಸಿಗೂ ಒತ್ತಡಕ್ಕೂ ಸಿಕ್ಕಿ ಲೋಹದ ಮೇಲೆ ತೆಳ್ಳನೆಯ ಹೊದಿಕೆ ಕಟ್ಟಿ ಸವೆತವನ್ನು ತಾನು ಅನುಭವಿಸುತ್ತದೆ. ಆದರೆ ರಂಜಕವು ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುದರಿಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಗೊತ್ತುಮಾಡಿದ ಎಸ್‌ಎಮ್, ಎಸ್‌ಎನ್ ದರ್ಜೆಯ 5ಡಬ್ಲ್ಯು-30ರಂಥ ತೆಳ್ಳನೆಯ ಎಣ್ಣೆಗಳಲ್ಲಿ ಅದನ್ನು ಶೇಕಡಾ 0.08ರ ಮಿತಿಗೆ ಇಳಿಸಲಾಗಿದೆ. 20ಡಬ್ಲ್ಯು-50ರಂಥ ಮಂದ ಎಣ್ಣೆಗಳಿಗೆ ಆ ಮಿತಿ ಅನ್ವಯಿಸುವುದಿಲ್ಲ. ಹೀಗಾಗಿ ಕಡಿಮೆ ಬೆಲೆಯ ಮಿನರಲ್ 20ಡಬ್ಲ್ಯು-50 ಎಣ್ಣೆಯೇ ತಮ್ಮ ಕ್ಯಾಮಿಗೆ ಹಿತ. ಸತುವಿನ ಅಂಶ ಹೆಚ್ಚಿಸುವ ಸೀಸೆಗಳನ್ನು ಅದರ ಮೇಲೆ ಸುರಿಯುವ ಅಗತ್ಯವಿಲ್ಲ. ಅತಿಯಾದರೆ ಅದೂ ಲೋಹಕ್ಕೆ ಕೆಡುಕು.

ಪ್ರಶ್ನೆ: ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿಯ ಜಿಗುಟು ಕಾಣುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕೆಂದು ಮೆಕ್ಯಾನಿಕರು ಹೇಳಿದ್ದಾರೆ. ಕಾರನ್ನು ಮನೆಯಿಂದ ಪೇಟೆಗೆ, ಮೂರು ಕಿಲೋಮೀಟರ್ ಮಾತ್ರ ಓಡಿಸುತ್ತೇನೆ.
— ಹೊಸನಗರದ ಓದುಗರು

ಉತ್ತರ: ಉತ್ತರ ತಮ್ಮ ಕೊನೆಯ ವಾಕ್ಯದಲ್ಲೇ ಇದೆ ಎಂದು ನನ್ನ ಊಹೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹಬೆಯಾಗಿ ಹೋದರೂ ಸ್ವಲ್ಪ ಭಾಗ ರಿಂಗುಗಳನ್ನು ದಾಟಿ ಕೆಳಗಿಳಿದು ಎಣ್ಣೆಗೆ ಸೇರುತ್ತದೆ. ಎಣ್ಣೆ ಚೆನ್ನಾಗಿ ಬಿಸಿಯಾದರೆ ಆ ನೀರು ಮತ್ತೆ ಹಬೆಯಾಗಿ ಬ್ರೀದರ್ ಕೊಳವೆಯಿಂದ ಹೊರಹೋಗುತ್ತದೆ. ಮೂರು ಕಿಲೋಮೀಟರಿನಲ್ಲಿ ಎಣ್ಣೆ ಬಿಸಿಯಾಗುವುದೇ ಇಲ್ಲ. ರೇಡಿಯೇಟರಿನ ನೀರು ಬಿಸಿಯಾದ ಎಷ್ಟೋ ಹೊತ್ತಿನ ಮೇಲೆ ಎಣ್ಣೆ ಬಿಸಿಯಾಗುತ್ತದೆ.

ಎಂಜಿನ್ ಇಳಿಸುವ ಮೊದಲು ಡಿಪ್‌ಸ್ಟಿಕ್ ನೋಡಿ. ಬಿಳುಪು ಮುಚ್ಚಳದಲ್ಲಿ ಮಾತ್ರ ಇದ್ದು ಕಡ್ಡಿಯ ಮೇಲಿನ ಎಣ್ಣೆ ತಿಳಿಯಾಗಿದ್ದರೆ, ರೇಡಿಯೇಟರಿನ ನೀರು ಇಳಿಯದಿದ್ದರೆ, ಅದು ತೇವಾಂಶವೇ ಹೊರತು ಗ್ಯಾಸ್ಕೆಟ್ ಅಲ್ಲ. ಕಡ್ಡಿಯ ಮೇಲೂ ಬಿಳುಪಿದ್ದು ರೇಡಿಯೇಟರಿನ ನೀರು ವಾರವಾರವೂ ಕಡಿಮೆಯಾಗುತ್ತಿದ್ದರೆ ಅವರು ಹೇಳಿದ್ದು ನಿಜ. ಆಗ ಕಾರನ್ನು ಓಡಿಸಬೇಡಿ. ಎಣ್ಣೆಯ ಮಟ್ಟ ಏರುತ್ತಾ ಪೆಟ್ರೋಲ್ ವಾಸನೆ ಬರುತ್ತಿದ್ದರೆ ದೋಷ ಮೂರನೆಯದು: ಪೆಟ್ರೋಲ್ ಪಂಪಿನ ರಬ್ಬರ್ ಡಯಾಫ್ರಂ ಹರಿದು ಪೆಟ್ರೋಲ್ ಸಂಪಿಗೆ ಇಳಿಯುತ್ತಿದೆ. ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಹಳೆಯ ರಬ್ಬರು ಬಾಳುವುದಿಲ್ಲವಾದ್ದರಿಂದ ಇದು ಈಚೆಗೆ ಹೆಚ್ಚಾಗಿ ಕಾಣುತ್ತಿದೆ.

ಎರಡು ಜಾಗಗಳನ್ನು ತಪ್ಪದೆ ಪರೀಕ್ಷಿಸಿ. ಬಿಸಿಲುಸೀಮೆಯಲ್ಲಿ ಎಂಜಿನ್ ಬಿಸಿಯೇರದಿರಲೆಂದು, ನೀರು ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನು ಕಿತ್ತುಹಾಕುವ ರೂಢಿ ಹಿಂದೆ ಇತ್ತು; ಅಂಥ ಕಾರು ಮಲೆನಾಡಿಗೆ ಬಂದರೆ ಮಳೆಗಾಲವಿಡೀ ತಣ್ಣಗೇ ಓಡಿ ಎಣ್ಣೆಗೆ ನೀರು ತುಂಬಿಕೊಳ್ಳುತ್ತದೆ. ಸುಮಾರು 80 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟನ್ನು ಮರಳಿ ಹಾಕಿಸಿ. ಇನ್ನೊಂದು ಬ್ರೀದರ್ ಕೊಳವೆ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಆ ಕೊಳವೆಯ ಬಾಯಿ ಬಹಳ ಪ್ರಿಯವಾದ ಜಾಗ. ತಂತಿ ತೂರಿಸಿ ನೋಡಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಒಂದೇ ಓಟದಲ್ಲಿ 30 ಕಿಲೋಮೀಟರ್ ಓಡಿಸಿ.

ಪ್ರಶ್ನೆ: ಅಂಬಾಸಿಡರ್ ನಿಲ್ಲಿಸಿದಲ್ಲೆಲ್ಲ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಎಣ್ಣೆ ತೊಟ್ಟಿಕ್ಕಿ ಕಾವಿ ನೆಲ ಹಾಳಾಗುತ್ತಿದೆ. ಸೀಲ್ ಬದಲಿಸಬಹುದೇ?
— ಶಿವಮೊಗ್ಗದ ಓದುಗರು

ಉತ್ತರ: ಬದಲಿಸಲು ಅಲ್ಲಿ ರಬ್ಬರ್ ಸೀಲೇ ಇಲ್ಲ. ಬ್ರಿಟನ್ನಿನ ಬಿಎಂಸಿ ಕಂಪನಿ ವಿನ್ಯಾಸಗೊಳಿಸಿದ ಆ 1,489 ಸಿಸಿ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಹಿಂತುದಿಗೆ ಸ್ಕ್ರೂವಿನಂತೆ ಸುರುಳಿ ಗೀರು ಹಾಕಿರುತ್ತಾರೆ. ಕ್ರ್ಯಾಂಕು ತಿರುಗುವಾಗ ಆ ಗೀರು ಹೊರಬರುವ ಎಣ್ಣೆಯನ್ನು ಒಳಕ್ಕೆ ತಿರುಪಿ ಕಳುಹಿಸುತ್ತದೆ. ಎಂಜಿನ್ ನಿಂತೊಡನೆ ಅದರ ಕೆಲಸವೂ ನಿಲ್ಲುತ್ತದೆ. ಆದ್ದರಿಂದಲೇ ನಿಲ್ಲಿಸಿದ ಮೇಲೆ ನಾಲ್ಕು ಹನಿ ಬೀಳುವುದು. ನಾಲ್ಕು ಹನಿಯಾದರೆ ಕೆಳಗೆ ತಟ್ಟೆ ಇಡಿ, ಎಂಜಿನ್ ಬಿಚ್ಚಿಸಬೇಡಿ. ಈಚೆಗೆ ಹೆಚ್ಚಾಗಿದ್ದರೆ ಬ್ರೀದರ್ ಕಟ್ಟಿಕೊಂಡು ಒಳಗಿನ ಒತ್ತಡ ಏರಿದೆಯೇ, ತೆಳ್ಳನೆಯ ಎಣ್ಣೆ ಹಾಕಿಸಿದ್ದೀರಾ ಎಂದು ನೋಡಿ.

ಪ್ರಶ್ನೆ: ನಮ್ಮ ತಂದೆಯವರು ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದರು, ಅಚ್ಚು ಸವೆಯುತ್ತಲೇ ಇರಲಿಲ್ಲ. ಹಳೆಯ ಜೀಪಿನ ಎಂಜಿನ್ನಿಗೂ ಹಾಕಬಹುದೇ?
— ಕೊಪ್ಪದ ಓದುಗರು

ಉತ್ತರ: ತಮ್ಮ ತಂದೆಯವರ ಅನುಭವ ಸತ್ಯ. ಹರಳೆಣ್ಣೆ ಲೋಹಕ್ಕೆ ಅಂಟಿ ನಿಲ್ಲುವಷ್ಟು ಬೇರೆ ಎಣ್ಣೆಗಳು ನಿಲ್ಲುವುದು ಅಪರೂಪ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಹರಳೆಣ್ಣೆಯಲ್ಲೇ ಓಡಿದವು, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗಿ ತೆಳುವಾಗುವುದಿಲ್ಲ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಆದರೆ ಆ ಎಂಜಿನ್ನುಗಳಲ್ಲಿ ಎಣ್ಣೆ ಒಮ್ಮೆ ಹರಿದು ಹೊರಗೆ ಚೆಲ್ಲಿಹೋಗುತ್ತಿತ್ತು. ತಮ್ಮ ಜೀಪಿನಲ್ಲಿ ಅದೇ ಎಣ್ಣೆ ತಿಂಗಳುಗಟ್ಟಲೆ ಸುತ್ತುತ್ತಿರಬೇಕು. ಬಿಸಿಗೂ ಗಾಳಿಗೂ ಸಿಕ್ಕ ಹರಳೆಣ್ಣೆ ಅರಗಿನಂತೆ ಗಟ್ಟಿಯಾಗಿ ರಿಂಗುಗಳನ್ನು ಅಂಟಿಸುತ್ತದೆ, ಉಳಿದ ಮಿನರಲ್ ಎಣ್ಣೆಯೊಡನೆ ಸರಿಯಾಗಿ ಬೆರೆಯುವುದೂ ಇಲ್ಲ. ಬಾಗಿಲಿನ ಬಿಜಾಗರಿಗೆ ಬೇಕಾದರೆ ಒಂದು ಹನಿ ಬಿಡಿ. ತೆಂಗಿನೆಣ್ಣೆಯನ್ನಂತೂ ಬೀಗಕ್ಕೆ ಬಿಡಬೇಡಿ, 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ ಎಂಜಿನ್ ಎಣ್ಣೆ ಬಿಟ್ಟು ಬೇರೆಲ್ಲಿ ಎಣ್ಣೆ ಹಾಕಬೇಕು?
— ಭದ್ರಾವತಿಯ ಓದುಗರು

ಉತ್ತರ: ಮುಂದಿನ ಚಕ್ರಗಳ ಟ್ರನಿಯನ್ನಿಗೆ, ಅಂದರೆ ಚಕ್ರ ಹೊತ್ತ ಕಂಬ ಕೆಳತುದಿಯಲ್ಲಿ ತಿರುಗುವ ಮರೆಯ ಕೀಲಿಗೆ, ಮತ್ತು ಅಲ್ಲಿಗೆ ಗ್ರೀಸ್ ಅಲ್ಲ, 90ರ ಗೇರ್ ಎಣ್ಣೆ. ನಿಪ್ಪಲ್ ಕಂಡಲ್ಲೆಲ್ಲ ಗ್ರೀಸ್ ಗನ್ ಒತ್ತುವವರು ಇಲ್ಲೂ ಗ್ರೀಸ್ ತುಂಬುತ್ತಾರೆ. ಗ್ರೀಸು ಕೆಳಗಿನ ಮರೆಗಳಿಗೆ ಇಳಿಯದೆ, ನೀರು ಸೇರಿ, ತುಕ್ಕು ಹಿಡಿದು, ಕೊನೆಗೊಂದು ದಿನ ತಿರುವಿನಲ್ಲಿ ಕಂಬವೇ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಘಾಟಿಯಲ್ಲಿ ಓಡಿಸುವವರು ಇದನ್ನು ಉದಾಸೀನ ಮಾಡಬಾರದು.

ಎಂಜಿನ್ನಿನ ಹೊರಗಿನ ಬಾಯಾರಿದ ಜಾಗಗಳು ಎರಡು. ಡೆಲ್ಕೋದ, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ ಎತ್ತಿ ಅದರಡಿಯ ಕಡ್ಡಿಗೆ ಎರಡು ಹನಿ ಎಂಜಿನ್ ಎಣ್ಣೆ, ಅದರೊಳಗಿನ ಸಣ್ಣ ಕ್ಯಾಮಿನ ಮುಖಕ್ಕೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್. ಆ ಕ್ಯಾಮು ತೆರೆದು ಮುಚ್ಚುವ ಪಾಯಿಂಟಿಗೆ ಎಣ್ಣೆ ತಾಗಿದರೆ ಕಿಡಿ ಹುಟ್ಟದು. ಡೈನಮೊದ ಹಿಂಬದಿಯ ಸಣ್ಣ ರಂಧ್ರಕ್ಕೂ ಎರಡು ಹನಿ.

ಪ್ರಶ್ನೆ: ಮುಂದಿನ ಮಳೆಗಾಲಕ್ಕೆ ಕಾರನ್ನು ನಿಲ್ಲಿಸುವಾಗ ಎಂಜಿನ್ನನ್ನು ಹೇಗೆ ಕಾಪಾಡಲಿ? ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೇ?
— ಸೊರಬ ತಾಲ್ಲೂಕಿನ ಓದುಗರು

ಉತ್ತರ: ಐದು ನಿಮಿಷದ ಓಟ ಎಣ್ಣೆಗೆ ನೀರು ಸೇರಿಸುತ್ತದೆ, ಒಣಗಿಸುವಷ್ಟು ಬಿಸಿ ಕೊಡುವುದಿಲ್ಲ. ಓಡಿಸುವುದಾದರೆ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಆಗದಿದ್ದರೆ ಮುಟ್ಟಲೇಬೇಡಿ. ಎಣ್ಣೆಯನ್ನು ಬದಲಿಸುವ ಕಾಲವೂ ಮಳೆಗಾಲ ಮುಗಿದ ಮೇಲಲ್ಲ, ಶುರುವಾಗುವ ಮೊದಲು. ಓಡಿದ ಎಣ್ಣೆಯಲ್ಲಿ ಆಮ್ಲ, ನೀರು ಎರಡೂ ಇರುತ್ತವೆ. ಅದರಲ್ಲಿ ಬೇರಿಂಗುಗಳನ್ನು ನಾಲ್ಕು ತಿಂಗಳು ನೆನೆಹಾಕುವುದು ಸರಿಯಲ್ಲ. ಅಡಿಕೆಗೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆಗೆ ಅಣಿಯಾಗುವ ದಿನಗಳಲ್ಲೇ ಕಾರಿಗೂ ಹೊಸ ಎಣ್ಣೆ ಹಾಕಿ, ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ಇಳಿಸಿದ ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಹಳ್ಳಕ್ಕೆ ಸುರಿಯಬೇಡಿ.

ಶೆಡ್ಡಿನ ವಿಚಾರದಲ್ಲಿ ಒಂದು ಮಾತು ಹೇಳಲೇಬೇಕು. ಮೈಲುತುತ್ತದ ಚೀಲ, ಗೊಬ್ಬರದ ಚೀಲಗಳನ್ನು ಕಾರಿನ ಪಕ್ಕದಲ್ಲೇ ಪೇರಿಸಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಗೊಬ್ಬರ ಗಾಳಿಯ ತೇವವನ್ನು ಎಳೆದುಕೊಂಡು ನೀರೊಡೆಯುತ್ತದೆ, ಮೈಲುತುತ್ತದ ನೀರು ತಾಗಿದ ಕಬ್ಬಿಣ ಕೊರೆದುಹೋಗುತ್ತದೆ. ಕೊಟ್ಟಿಗೆಗೆ ಒತ್ತಿಕೊಂಡಿರುವ ಶೆಡ್ಡಿನಲ್ಲಿ ಗಂಜಲದಿಂದೇಳುವ ಅಮೋನಿಯಾ ಹಿತ್ತಾಳೆಯ ಬಿಡಿಭಾಗಗಳನ್ನು ಬಿರುಕು ಬಿಡಿಸುತ್ತದೆ. ಇವುಗಳಿಂದ ದೂರವಿಟ್ಟ ಎಂಜಿನ್ನಿಗೆ ಅರ್ಧ ರಕ್ಷಣೆ ಸಿಕ್ಕಂತೆ.

ನಿಲ್ಲಿಸಿದ ದಿನವೇ ಪ್ಲಗ್ಗುಗಳನ್ನು ತೆಗೆದು ಒಂದೊಂದು ಬೋರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು, ಹ್ಯಾಂಡಲಿನಿಂದ ನಾಲ್ಕು ಸುತ್ತು ತಿರುಗಿಸಿ, ಪ್ಲಗ್ಗುಗಳನ್ನು ಮರಳಿ ಹಾಕಿ. ಸೈಲೆನ್ಸರಿನ ಬಾಯಿಗೂ ಕಾರ್ಬುರೇಟರಿನ ಬಾಯಿಗೂ ಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆ ತುರುಕಿ. ಆ ಬಟ್ಟೆಗಳ ಮತ್ತು ಬೋರಿಗೆ ಬಿಟ್ಟ ಎಣ್ಣೆಯ ವಿಚಾರವನ್ನು ರಟ್ಟಿನ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು, ತಾರೀಖು ಹಾಕಿ, ಸ್ಟೀರಿಂಗ್ ಚಕ್ರಕ್ಕೆ ಕಟ್ಟಿ. ನಾಲ್ಕು ತಿಂಗಳ ಮೇಲೆ ಕೀಲಿ ಹಿಡಿದು ಬರುವವರು ಮನೆಯ ಬೇರೆ ಯಾರಾದರೂ ಇರಬಹುದು.